ಒಂದು ಗೇಣು ಬಾಗಿಲು

ಹುಣ್ಣಿಮೆಯ ಮರುದಿನ, ಸಂಜೆ

ಅಳಿವೆಯ ಗೇಟು ಕಾಯುವ ನನ್ನ ಗಂಡನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಬೆಳಿಗ್ಗೆ ಮೀನಿನ ಅಂಗಡಿಗೆ ಹೋಗುವಾಗ ಗೇಟಿನ ಮನೆಯ ತಂತಿಯ ಮೇಲೆ ನಿಮ್ಮ ಅಂಗಿ ಒಣಗುವುದು ಕಾಣುತ್ತದೆ. ಕಾಲರು ಉಜ್ಜಿರುವುದಿಲ್ಲ. ನನಗೆ ಅಷ್ಟು ಸಮಾಚಾರ ಸಾಕು.

ಮನೆಗೆ ಬನ್ನಿ ಎಂದು ಕರೆಯಲು ಬರೆಯುತ್ತಿಲ್ಲ. ಗೇಟು ಒಂದು ಗೇಣು ಎತ್ತಿ, ಅಷ್ಟೇ. ಕೆಸರುಬಾಕನ ಮರಿಗಳು ಹೊರಗೆ, ಕಡಲಿನ ಬದಿಗೆ ಕಾದಿವೆ. ಆ ಮೀನಿಗೆ ಆ ಅಡ್ಡಹೆಸರಿಟ್ಟವರು ನೀವೇ. ದೊಡ್ಡವು ಕಡಲಿಗೆ ಹೋಗಿ ಮೊಟ್ಟೆಯಿಡುತ್ತವೆ, ಉಗುರುದ್ದದ ಮರಿಗಳು ಉಬ್ಬರದ ಜೊತೆ ಒಳಗೆ ಬಂದು ಹಿನ್ನೀರಿನಲ್ಲಿ ಬೆಳೆಯುತ್ತವೆ ಎಂದು, ಮದುವೆಯಾದ ಹೊಸದರಲ್ಲಿ ನನ್ನನ್ನು ಗೇಟಿನ ಕಟ್ಟೆಯ ಮೇಲೆ ಕೂರಿಸಿಕೊಂಡು ತೋರಿಸಿದವರೂ ನೀವೇ. ತಳದ ಕೊಳೆ, ಪಾಚಿಯನ್ನೆಲ್ಲ ತಿಂದು ನೀರನ್ನು ಚೊಕ್ಕವಾಗಿಡುತ್ತವೆ, ಕೊನೆಗೆ ತಾವೇ ನೀರುನಾಯಿಗೂ ಕೊಕ್ಕರೆಗೂ ಊಟವಾಗುತ್ತವೆ, ಥೇಟ್ ನಿನ್ನ ಹಾಗೆ ಎಂದು ನಕ್ಕಿದ್ದಿರಿ. ಆಗ ನನಗೂ ನಗು ಬಂದಿತ್ತು.

ಆಮೇಲೆ ಚಹಾದಂಗಡಿಯಲ್ಲಿ ಯಾರೋ, ಗೇಟು ನಿಂದಾ ಇಲ್ಲಾ ನಿನ್ ಹೆಂಡ್ತೀದಾ, ಅವಳು ಹೇಳ್ದಾಗೆಲ್ಲ ಎತ್ತೀಯಲ್ಲ ಅಂದರಂತೆ. ಅಂದಿನಿಂದ ನೀವು ಗೇಟಿನ ಮನೆಯಲ್ಲೇ, ಉಬ್ಬರದ ಹೊತ್ತಿಗೆ ಗೇಟು ಬಂದ್. ಹೆಂಡತಿಯ ಮೇಲಿನ ಸಿಟ್ಟನ್ನು ಮೀನಿನ ಮೇಲೆ ತೀರಿಸಿಕೊಂಡ ಗಂಡಸು ಲೋಕದಲ್ಲಿ ನೀವೊಬ್ಬರೇ ಇರಬೇಕು. ವರ್ಷಗಳೇ ಕಳೆದವು. ಹಿನ್ನೀರು ಹಸಿರುಗಟ್ಟಿ ನಾರುತ್ತಿದೆ, ಕೊಕ್ಕರೆಗಳು ಜಾಗ ಖಾಲಿ ಮಾಡಿವೆ. ನನ್ನ ತಮ್ಮ ಬಲೆಯನ್ನು ಅಟ್ಟಕ್ಕೆ ಹಾಕಿ ಇಟ್ಟಿಗೆ ಹೊರಲು ಹೋಗುತ್ತಾನೆ. ಭಾವ ಚೆನ್ನಾಗಿದ್ದಾರಾ ಎಂದು ಈಗಲೂ ಕೇಳುತ್ತಾನೆ, ಮಾನಗೇಡಿ.

ನಿಮ್ಮ ಮರ್ಯಾದೆಗೆ ಕುಂದು ಬಾರದು. ನೀವೇ ಯೋಚಿಸಿ ಎತ್ತಿದಿರಿ ಎಂದು ಚಹಾದಂಗಡಿಯಲ್ಲಿ ನಾನೇ ಸಾರಿ ಬರುತ್ತೇನೆ. ನಾಳೆಯ ಉಬ್ಬರಕ್ಕೆ, ಈ ಒಂದು ಸಲ, ನನ್ನ ಮಾತು ನಡೆಸಿಕೊಡಿ.

ಇನ್ನೂ ನಿಮ್ಮ ಹೆಂಡತಿ ಅನ್ನಿಸಿಕೊಂಡಿರುವ,
ನಾನು

ತಾ.ಕ.: ಮರಿಗಳು ಹೊರಗೆ ಕಾದಿವೆ ಎಂದದ್ದು ಸುಳ್ಳು. ನಿನ್ನೆ ಮಧ್ಯಾಹ್ನದ ಉಬ್ಬರಕ್ಕೆ, ನೀವು ಊಟ ಮಾಡಿ ಗೊರಕೆ ಹೊಡೆಯುತ್ತಿದ್ದಾಗ ನಾನೇ ಬಂದು ಚಕ್ರ ತಿರುಗಿಸಿ ಗೇಟು ಎತ್ತಿದೆ. ನೀರು ಇಳಿಯುವವರೆಗೂ ಸೋಸುವ ಬಟ್ಟೆ ಹಿಡಿದು ನಿಂತಿದ್ದೆ. ಒಂದು ಮರಿಯೂ ಬರಲಿಲ್ಲ. ಒಳಗೆ ಬೆಳೆದವು ಇದ್ದರಲ್ಲವೇ ಕಡಲಿಗೆ ಹೋಗಿ ಮೊಟ್ಟೆಯಿಡುವುದು! ಗೇಟು ಮತ್ತೆ ಮುಚ್ಚಿ ಬಂದೆ, ನೀವು ಎದ್ದಿರಲಿಲ್ಲ. ನನ್ನ ಮಾತಿಗೆ ಇನ್ನೊಮ್ಮೆಯಾದರೂ ಎತ್ತುತ್ತೀರಾ ನೋಡೋಣ ಎಂಬ ಆಸೆಗೆ ಇಷ್ಟೆಲ್ಲ ಬರೆದೆ. ಬರೆದು ಮುಗಿಸುವಷ್ಟರಲ್ಲಿ ಆ ಆಸೆಯೂ ಹೋಯಿತು. ನೀವು ಮಲಗಿ.