ಹೆಸರಿದ್ದರೆ ಸಾಕು

ಮಾರ್ಚ್ ೩, ಬೆಳಿಗ್ಗೆ

ಮತ್ತೆ ಅದೇ ಹಳೇ ಕೋಡ್. ಮಾತು ತಡವಾದ ಮಕ್ಕಳಿಗೆ ಅಭ್ಯಾಸ ಮಾಡಿಸುವ ಕೇಂದ್ರದ ವೆಬ್‌ಸೈಟ್. ಯಾವ ಪುಣ್ಯಾತ್ಮ ಯಾವ ಕಾಲದಲ್ಲಿ ಬರೆದನೋ. ಸರ್ವರ್ ಬದಲಾಗುತ್ತಿದೆ. ಹಳೇ ಫಂಕ್ಷನ್‌ಗಳು, ಅಂದರೆ ಕೋಡ್‌ನೊಳಗಿನ ಸಿದ್ಧ ಆಜ್ಞೆಗಳು, ಅಲ್ಲಿ ನಡೆಯುವುದಿಲ್ಲ. ಒಂದೊಂದನ್ನೇ ಹುಡುಕಿ ಕಿತ್ತು, ಹೊಸದನ್ನು ಕೂರಿಸಬೇಕು.

ಮಗಳು ಗಿಣಿ ಮೇಜಿನ ಕೆಳಗೆ ಮಲಗಿ, ಬಿಸಿಲಿನಲ್ಲಿ ತೇಲುವ ಧೂಳು ನೋಡುತ್ತಿದ್ದಾಳೆ. ನಾನೂ ಸ್ವಲ್ಪ ಹೊತ್ತು ನೋಡಿದೆ. ಕೆಲಸ ಸಾಗಲಿಲ್ಲ.

ಹುಟ್ಟಿದ ದಿನ ಆಸ್ಪತ್ರೆಯ ಸೂರು ಹಾರಿಹೋಗುವಂತೆ ಕಿರುಚಿದ್ದಳೆಂದು ಅಜ್ಜಿ ಗಿಣಿ ಎಂದು ಕರೆದದ್ದು. ಮುಂದಿನ ತಿಂಗಳು ಮೂರು ತುಂಬುತ್ತದೆ. ಇನ್ನೂ ಒಂದು ಮಾತಿಲ್ಲ.

ಮಾರ್ಚ್ ೪

ಅಮ್ಮನ ಫೋನ್. “ನೀನೂ ಮೂರು ತುಂಬಿದ್ಮೇಲೇ ಬಾಯಿ ಬಿಟ್ಟಿದ್ದು. ಆಮೇಲೆ ಮುಚ್ಚಿದ್ದೇ ಇಲ್ಲ.”

ನಕ್ಕೆ. ಇವಳು, ನನ್ನ ಹೆಂಡತಿ, ನಗಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸುವವಳು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಒಪ್ಪುವುದಿಲ್ಲ.

“ಕಣ್ಣು ಮಂಜಾದ್ರೆ ಜನ ನಮ್ಮ ಅಂಗಡಿಗೆ ಬರ್ತಾರೆ. ನಾಚ್ಕೋತಾರಾ? ನೀನು ಆ ಕೇಂದ್ರದ ಕೆಲಸಾನೇ ಮಾಡ್ತಿದ್ದೀಯ. ಮಗಳ ಹೆಸರು ಬರೆಸೋಕೆ ಮಾತ್ರ ಕೈ ಬರಲ್ವಾ?”

“ಬರೆಸೋಣ. ಇದೊಂದು ಮುಗೀಲಿ.”

“ನಿನ್ನ ಕೆಲಸ ಯಾವತ್ತು ಮುಗಿದಿದೆ?”

ಹೆಸರು ಬರೆಸಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಅಷ್ಟೇ.

ಮಾರ್ಚ್ ೯, ಮಧ್ಯಾಹ್ನ

ಸೆಷನ್ ಎಂಬುದು ಚಂದ. ಲಾಗಿನ್ ಆದವರನ್ನು ಸರ್ವರ್ ಒಂದಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ — ಹೆಸರು, ಮಗುವಿನ ವಯಸ್ಸು, ಅದು ಆಡಿದ ಮೊದಲ ಮಾತು. ಎದ್ದು ಹೋದರೆ ಮರೆತುಬಿಡುತ್ತದೆ. ಬೇಸರವಿಲ್ಲ, ಏನಿಲ್ಲ.

ಪ್ರತಿ ಪುಟದ ತಲೆಯಲ್ಲೂ ಒಂದು ಪ್ರಶ್ನೆ: ‘ಮೊದಲ ಮಾತು’ ಎಂಬ ವೇರಿಯಬಲ್, ಹೆಸರು ಅಂಟಿಸಿದ ಡಬ್ಬಿಯಂಥದ್ದು, ಸೆಷನ್‌ನಲ್ಲಿ ಇದೆಯೇ? ಇದ್ದರೆ ಒಳಗೆ. ಇಲ್ಲದಿದ್ದರೆ ಲಾಗಿನ್ ಪುಟಕ್ಕೆ ವಾಪಸ್. ಅದನ್ನು ಕೇಳುತ್ತಿದ್ದದ್ದು ‘ಸೆಷನ್ ಈಸ್ ರಿಜಿಸ್ಟರ್ಡ್’ ಎಂಬ ಹಳೇ ಫಂಕ್ಷನ್. ತೆಗೆದೆ. ಆ ಜಾಗಕ್ಕೆ ‘ಇಸ್‌ಸೆಟ್’ ಎಂಬ ಫಂಕ್ಷನ್. ಎಲ್ಲರೂ ಹಾಗೇ ಮಾಡುತ್ತಾರೆ.

ಪರೀಕ್ಷೆಗೆಂದು ಮೂರು ಸುಳ್ಳು ಮಕ್ಕಳನ್ನು ಹುಟ್ಟಿಸಿದೆ. ಮೊದಲ ಮಾತು: ಅಮ್ಮ. ಚೆಂಡು. ಕಾಗೆ. ಮೂವರೂ ಸರಾಗವಾಗಿ ಒಳಗೆ ಹೋದರು. ಕಾಗೆ ಎಂದವನ ಮೇಲೆ ಯಾಕೋ ಪ್ರೀತಿ ಬಂತು.

ಮಾರ್ಚ್ ೧೭

ಹೊಸ ಸೈಟ್ ಮೊನ್ನೆ ಶುರುವಾಯಿತು. ಇವತ್ತು ಕೇಂದ್ರದ ಮೇಡಂ ಫೋನ್.

“ಕೆಲವು ಅಪ್ಪ-ಅಮ್ಮಂದಿರಿಗೆ ಒಳಗೆ ಹೋಗೋಕೇ ಆಗ್ತಿಲ್ಲ. ಪಾಸ್‌ವರ್ಡ್ ಸರಿ ಇದೆ. ಆದ್ರೂ ತಿರುಗಿ ಲಾಗಿನ್‌ಗೇ ಕಳಿಸುತ್ತೆ.”

“ಯಾವ ಮಕ್ಕಳ ಮನೆಯವರು?”

ಪಟ್ಟಿ ತಿರುವಿದ ಸದ್ದು. “ವಿಚಿತ್ರ ನೋಡಿ... ಎಲ್ಲಾ ಇನ್ನೂ ಒಂದು ಮಾತೂ ಆಡದ ಮಕ್ಕಳು. ಒಬ್ಬರು ತಾಯಿ ಅತ್ತೇಬಿಟ್ರು. ಇಲ್ಲಿಂದಾನೂ ಆಚೆ ಹಾಕಿದ್ರಾ ಅಂತ.”

ಫೋನಿಟ್ಟು ಕೋಡ್ ತೆರೆದೆ.

ಕೂತು ನೋಡಿದೆ. ಹಳೇ ಫಂಕ್ಷನ್ ಕೇಳುತ್ತಿದ್ದದ್ದು ಹೆಸರು ನೋಂದಣಿಯಾಗಿದೆಯೇ ಎಂದು ಮಾತ್ರ. ಒಳಗೆ ಏನಿದೆ, ಏನಿಲ್ಲ — ಆ ಉಸಾಬರಿ ಅದಕ್ಕೆ ಬೇಡ. ಇಸ್‌ಸೆಟ್ ಹಾಗಲ್ಲ. ಮುಚ್ಚಳ ತೆಗೆದು ನೋಡುತ್ತದೆ. ಏನೂ ಇಲ್ಲದಿದ್ದರೆ ಆ ಹೆಸರೇ ಇಲ್ಲವೆಂದುಬಿಡುತ್ತದೆ.

ಮಾತಿಲ್ಲದ ಮಗುವೊಂದನ್ನು ಪರೀಕ್ಷೆಗೆ ಹಾಕಬೇಕೆಂದು ನನಗೇ ಹೊಳೆಯಲಿಲ್ಲ. ಗಿಣಿ ಕಾಲ ಬಳಿಯೇ ಮಲಗಿದ್ದಳು.

ಮಾರ್ಚ್ ೧೮, ಮಧ್ಯಾಹ್ನ

ಕುರ್ಚಿಯಲ್ಲೇ ಜೊಂಪು. ಉದ್ದನೆಯ ಕಾರಿಡಾರ್, ಬೆಳ್ಳಗಿನ ಬೆಳಕು. ಮಕ್ಕಳು ಸಾಲಾಗಿ ಬರುತ್ತಿದ್ದಾರೆ. ಎಲ್ಲರ ಕೈಯಲ್ಲೂ ಮುಚ್ಚಿದ ಡಬ್ಬಿ. ಬಾಗಿಲಲ್ಲಿ ಕುಳಿತವನು ನಾನೇ. ಗಿಣಿ ತನ್ನ ಡಬ್ಬಿ ಚಾಚಿದಳು. ಕಿವಿಗಿಟ್ಟು ಅಲ್ಲಾಡಿಸಿದೆ. ದೂರದಲ್ಲೆಲ್ಲೋ ನೀರು ಹರಿದಂತೆ... ಅವಳು ನಕ್ಕಳು.

ಎಚ್ಚರವಾಯಿತು. ಪರದೆ ಗಾಳಿಗೆ ಉಬ್ಬಿತ್ತು. ಕೆಳಗೆ ಗಿಣಿ ನಿಜವಾಗಿಯೂ ನಗುತ್ತಿದ್ದಳು, ನನ್ನ ಕಾಲ್ಚೀಲ ಎಳೆಯುತ್ತಾ.

ಎದ್ದು ಮುಖ ತೊಳೆದು ಕೂತೆ. ಇಸ್‌ಸೆಟ್ ತೆಗೆದೆ. ‘ಅರೇ ಕೀ ಎಕ್ಸಿಸ್ಟ್ಸ್’ ಎಂಬ ಇನ್ನೊಂದು ಫಂಕ್ಷನ್ ಹಾಕಿದೆ. ಇದಕ್ಕೆ ಹೆಸರಿದ್ದರೆ ಸಾಕು. ಖಾಲಿಯೋ ತುಂಬಿದೆಯೋ ಕೇಳುವುದಿಲ್ಲ. ಮೇಡಂಗೆ ಫೋನ್ ಮಾಡಿ, ತಪ್ಪು ನನ್ನದೇ ಎಂದೆ.

“ಆಯ್ತು ಬಿಡಿ, ಎಲ್ಲರೂ ಒಳಗೆ ಬಂದ್ರು,” ಎಂದರು.

ಎಲ್ಲರೂ ಅಲ್ಲ. ಗಿಣಿ ಇನ್ನೂ ಆಚೆಯೇ.

ಮಾರ್ಚ್ ೧೯, ಸಂಜೆ

ಇವಳು ಅಂಗಡಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನೋಂದಣಿಯ ಪುಟ ತೆರೆದು ಕೂತಿದ್ದೆ. ಹಿಂದೆ ಬಂದು ನಿಂತಳು.

ಗಿಣಿಯ ಹೆಸರು ಬರೆದೆ. ವಯಸ್ಸು ಬರೆದೆ. ಮೊದಲ ಮಾತು — ಕರ್ಸರ್ ಮಿಟುಕುತ್ತಾ ನಿಂತಿತು. ‘ಅಪ್ಪ’ ಎಂದು ಹಾಕಿಬಿಡಲೇ ಎನಿಸಿತು. ಯಾರಿಗೆ ಗೊತ್ತಾಗುತ್ತದೆ? ಹಿಂದೆ ನಿಂತವಳಿಗೆ ಗೊತ್ತಾಗುತ್ತದೆ.

ಖಾಲಿ ಬಿಟ್ಟೆ. ಒತ್ತಿದೆ.

ಒಳಗೆ ಬಿಟ್ಟಿತು.

ಅತ್ತುಬಿಟ್ಟೆ. ಸುಳ್ಳೇಕೆ, ಚೆನ್ನಾಗಿಯೇ ಅತ್ತೆ. ಇವಳು ತಲೆಯ ಮೇಲೆ ಕೈಯಿಟ್ಟು, “ಇಷ್ಟೇನಾ? ಇದಕ್ಕೆ ಇಷ್ಟು ದಿನಾನಾ?” ಎಂದಳು.

ಮೊದಲ ಅಭ್ಯಾಸ ಪರದೆಯ ಮೇಲಿದೆ: ನೆಲದ ಮೇಲೆ ಮಗುವಿನ ಎದುರು ಕುಳಿತುಕೊಳ್ಳಿ. ಹೆಸರು ಕರೆಯಿರಿ. ಆಮೇಲೆ ಏನೂ ಹೇಳಬೇಡಿ. ಕಾಯಿರಿ.

ಮೂವರೂ ನೆಲದ ಮೇಲೆ. ಡೈರಿ ಮೊಣಕಾಲಿನ ಮೇಲಿದೆ. “ಬರೆದಿದ್ದು ಸಾಕು, ಕರಿ,” ಎನ್ನುತ್ತಿದ್ದಾಳೆ ಇವಳು.

ಕರೆದೆ. ಗಿಣಿ ಧೂಳು ನೋಡುವುದು ಬಿಟ್ಟು ನನ್ನ ಕಡೆ ತಿರುಗಿದಳು. ಕಾಯುತ್ತಿದ್ದೇವೆ. ಅವಳೂ ನಮ್ಮನ್ನೇ ನೋಡುತ್ತಾ ಕಾಯುತ್ತಿದ್ದಾಳೆ.