ಸೀರೆಯಂಚು ಕಟ್ಟಿದ ಕೊಡ

ಅಮ್ಮಾ,

ನೀನು ಇದನ್ನು ಓದಲಾರೆ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ನಮ್ಮ ಕಂಪನಿ ಚೆನ್ನೈನ ಪೆರುಂಗುಡಿಯಲ್ಲಿ ಬೋರ್‌ವೆಲ್ ನೀರನ್ನು ಕ್ಯಾನಿಗೆ ತುಂಬಿ ಮಾರುತ್ತದೆ. ಹಾಗೆ ಎಷ್ಟು ನೀರೆತ್ತಬಹುದೆಂದು ಸರ್ಕಾರ ಮಿತಿ ಹಾಕಲಿದೆ. ಅದಕ್ಕೆ ಮೊದಲು ಜನರ ಅಭಿಪ್ರಾಯ ಕೇಳುವ ಸಭೆ ಇವತ್ತು ನಡೆಯಿತು. ಮಿತಿ ಬೇಡವೆನ್ನಲು ಕಂಪನಿ ತನ್ನ ಹೆಸರಿನಲ್ಲಿ ಹೋಗಲಿಲ್ಲ. ಅಕೌಂಟೆಂಟ್ ಸುಶಮೀಂದ್ರನ ಅತ್ತೆ ರಮಾಬಾಯಿಯವರನ್ನು ಕಳಿಸಿತು. ಅವರ ಭಾಷಣವನ್ನು ತಮಿಳಿನಲ್ಲಿ ಬರೆದುಕೊಟ್ಟವಳು ನಾನು.

ಪುರಸೈವಾಕ್ಕಂನ ಬೀದಿ ಪಂಪು, ಗುರುತಿಗೆಂದು ಕೊಡದ ಕುತ್ತಿಗೆಗೆ ನೀನು ಕಟ್ಟುತ್ತಿದ್ದ ಸೀರೆಯಂಚು, ನನ್ನ ಪರೀಕ್ಷೆಯ ಬೆಳಿಗ್ಗೆ ನೀನು ಜಾರಿ ಬಿದ್ದು ನೋವಿಗಲ್ಲದೆ ಚೆಲ್ಲಿದ ನೀರಿಗೆ ಅತ್ತದ್ದು, ಎಲ್ಲವನ್ನೂ ಅವರು ತಮ್ಮದೆಂಬಂತೆ ಹೇಳಿದರು. ನಿನ್ನ ಕನ್ನಡವನ್ನು ತಮಿಳಿಗೆ ತರುವಾಗ ಒಂದು ವಿವರವೂ ಕಳೆಯದಂತೆ ನೋಡಿಕೊಂಡಿದ್ದೆ. ಕ್ಯಾನ್ ನೀರು ಕಡಿಮೆಯಾದರೆ ಮತ್ತೆ ಅದೇ ಗತಿ ಎಂದು ಮುಗಿಸಿದರು.

"ನೀವು ಯಾರ ಕಡೆಯಿಂದ ಬಂದಿದ್ದೀರಮ್ಮ?" ಎಂದು ಅಧಿಕಾರಿ ಕೇಳಿದರು.

"ಯಾರ ಕಡೆಯವಳೂ ಅಲ್ಲ, ನಾನೊಬ್ಬ ಗೃಹಿಣಿ" ಎಂದರು. ಆ ಉತ್ತರವನ್ನೂ ನಾನೇ ಬರೆದಿದ್ದೆ. ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಹೊರಗೆ ಬಂದಮೇಲೆ ರಮಾಬಾಯಿ ನನ್ನ ಕೈ ಹಿಡಿದುಕೊಂಡರು. "ಏನೇ ಸಂಹಿತಾ, ಹೇಳ್ತಾ ಹೇಳ್ತಾ ನಂಗೇ ಅದು ನಂದೇ ಕಥೆ ಅನ್ನಿಸಿಬಿಡ್ತು. ಟೀವಿ ಸೀರಿಯಲ್‌ಗೆ ಬರಿಬಹುದು ನೀನು! ನಿಜ ಹೇಳು, ಯಾರೇ ಅದು? ಆ ಮಹಾತಾಯಿ ಇನ್ನೂ ಇದ್ದಾಳೇನೇ?"

"ಅಯ್ಯೋ, ಅಂಥವರು ಯಾರೂ ಇರ್ಲಿಲ್ಲ ಮಾಮಿ," ಎಂದೆ. "ಸುಮ್ನೆ ನಾನೇ ಕಟ್ಟಿದ್ದು."