ಅಕ್ಕನ ತಾಳುಗೋಧಿಗೆ ನಾನು ರಂಟೆ ಹೊಡೆದದ್ದು

ಮಣ್ಣೆಣಿಕೆ ೬೩, ಎರಡನೆಯ ಆಷಾಢದ ಐದನೆಯ ದಿನ
ಬೆಣ್ಣೆಹಳ್ಳದ ದಂಡೆ

ನನಗಿಂತ ಆರೇಳು ತಲೆ ಮೊದಲು ಹುಟ್ಟಿದವರಿಗೆ,

ಈ ತಾರೀಖು ನಿಮಗೆ ಅರ್ಥವಾಗುವುದಿಲ್ಲ. ಮೇಲ್ಮಣ್ಣು ಗಾಳಿಗೆ ಎದ್ದುಹೋದ ವರ್ಷದಿಂದ ನಾವು ವರ್ಷ ಎಣಿಸುತ್ತೇವೆ. ನಿಮ್ಮ ಕ್ಯಾಲೆಂಡರಿನಲ್ಲಿ ಇದು ೨೨೦೭ ಇರಬೇಕು. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ಎಂದೋ ಸತ್ತವರಿಗೆ ಕಾಗದ ಬರೆಯುವ ಹುಚ್ಚೇಕೆ ಎಂದು ಕೇಳಿದರೆ, ಇಲ್ಲಿ ಬದುಕಿರುವವರ ಮುಖ ನೋಡುವ ಧೈರ್ಯ ನನಗಿಲ್ಲ. ನನ್ನ ಹೆಸರು ನೀಲಗಂಗಾ.

ನಮ್ಮಲ್ಲಿ ಗೇಣುದ್ದ ಎರೆಮಣ್ಣು ಉಳಿದಿದೆ, ಅದರ ಕೆಳಗೆ ಬರೀ ಗರಸು. ಹೊಲವೇ ಎದ್ದು ಹಾರುವ ಗಾಳಿಗೆ ಕರಿಗಾಳಿ ಎನ್ನುತ್ತೇವೆ. ಅದು ಬೀಸುವಾಗ ಕೂಸುಗಳ ತೊಟ್ಟಿಲಿಗೆ ಒದ್ದೆ ಸೀರೆ ಕಟ್ಟುತ್ತೇವೆ, ಹಿಟ್ಟನ್ನು ಬಟ್ಟೆಯ ಮರೆಯಲ್ಲೇ ನಾದುತ್ತೇವೆ, ಆದರೂ ರೊಟ್ಟಿಯಲ್ಲಿ ಹಲ್ಲಿಗೆ ಮಣ್ಣು ಸಿಗುತ್ತದೆ. ಗೋಧಿ ಹುಗ್ಗಿ ಮದುವೆಗೆ ಮಾತ್ರ, ಅದೂ ತಲೆಗೊಂದು ಸೌಟು.

ಅಕ್ಕ ಕಾಶವ್ವ ಇಪ್ಪತ್ತೆರಡು ವರ್ಷ ಎರಡೆಕರೆಯಲ್ಲಿ ತಾಳುಗೋಧಿ ಸಾಕಿದಳು. ಒಮ್ಮೆ ನೆಟ್ಟರೆ, ಕೊಯ್ದ ಮೇಲೂ ಅದೇ ಬುಡದಿಂದ ವರ್ಷವರ್ಷವೂ ಚಿಗುರಿ ತೆನೆ ಬಿಡುವ ಗೋಧಿ ಅದು. ಬೇರು ಆಳುದ್ದ ಇಳಿದು ಮಣ್ಣನ್ನು ಬಿಗಿಹಿಡಿಯುತ್ತದೆ. ಕರಿಗಾಳಿಯ ದಿನ ಊರಿನ ಹೆಂಗಸರು ಕೂಸುಗಳನ್ನೆತ್ತಿಕೊಂಡು ಅಕ್ಕನ ಹೊಲದ ನಡುವೆ ಬಂದು ಕೂರುತ್ತಿದ್ದರು. ಅಲ್ಲಿ ಮಣ್ಣು ಏಳುತ್ತಿರಲಿಲ್ಲ. ಅಕ್ಕ ಸಾಲುಗಳ ನಡುವೆ ಕಡಲೆ ಹಾಕುತ್ತಿದ್ದಳು, ಕೊಯ್ದು ಉಳಿದ ಕೂಳೆಯನ್ನು ಹಾಗೆಯೇ ಬಿಡುತ್ತಿದ್ದಳು, ಗೊಬ್ಬರಕ್ಕೆಂದು ವರ್ಷಕ್ಕೆರಡು ಸಲ ಕುರಿ ಮಲಗಿಸುತ್ತಿದ್ದಳು. ಉಳುವ ರಂಟೆಯನ್ನಂತೂ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಈ ಗೋಧಿಯ ಕಾಳು ಬಿತ್ತಿದರೆ ಒಂದೇ ವರ್ಷ ಬಾಳುವ ಸಾಮಾನ್ಯ ಗೋಧಿ ಬರುತ್ತದೆ. ಬುಡ ಸೀಳಿ ನೆಟ್ಟರೆ ಮಾತ್ರ ತಳಿ ಉಳಿಯುತ್ತದೆ. ಏಳು ಬುಡದಿಂದ ಅವಳು ಎರಡೆಕರೆ ಮಾಡಿದ್ದಳು. ಈ ಮುಂಗಾರಿಗೆ ಮೊದಲ ಸಲ ಸುತ್ತಲಿನ ಐದು ಊರಿಗೆ ಬುಡ ಹಂಚುವುದೆಂದು ನಿಶ್ಚಯವಾಗಿತ್ತು. ಈ ತಳಿ ಬೇರೆಲ್ಲೂ ಇರಲಿಲ್ಲ.

ಚೈತ್ರದಲ್ಲಿ ಅಕ್ಕ ಮಗಳ ಬಾಣಂತನಕ್ಕೆ ಹೋದಳು, ಹೊಲ ನನ್ನ ಕೈಗೆ ಬಂತು. ನಾನು ಉಳುವ ಮನೆತನದ ಸೊಸೆ; ಗಂಡ ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ತವರಿಗೆ ಬಂದವಳು. ಮೊದಲಿನಿಂದಲೂ ನನ್ನದು ಅವಸರದ ಕೈ. ಇಲ್ಲಿ ನಾನು ಕಂಡ ಬೇಸಿಗೆಗಳಲ್ಲಿ ಅಡ್ಡಮಳೆ ಬಿದ್ದು ಹೊಲ ಹಸಿರಾಗಿಯೇ ಇತ್ತು. ಈ ಸಲ ಒಂದು ಹನಿ ಇಲ್ಲ. ವೈಶಾಖ ಮುಗಿಯುವಷ್ಟರಲ್ಲಿ ಎರಡೆಕರೆಯೂ ಒಣಹುಲ್ಲಾಗಿತ್ತು, ಹಿಡಿದರೆ ಕೈಯಲ್ಲೇ ಪುಡಿಯಾಗುತ್ತಿತ್ತು. ಬದುವಿನ ಮೇಲೆ ಕೂತು ಅತ್ತೆ. ಬಂದ ಕೂಡಲೇ ಅಕ್ಕ ಈ ಹೆಣ ನೋಡಬಾರದು ಎನಿಸಿತು. ಪಕ್ಕದ ಊರಿಂದ ರಂಟೆ ತರಿಸಿದೆ. ಊರಿನವರೂ ತಡೆಯಲಿಲ್ಲ, ಒಣಗಿದ್ದೆಲ್ಲ ಸತ್ತದ್ದೆಂದೇ ತಿಳಿದ ಜನ ನಾವು. ಎರಡು ದಿನದಲ್ಲಿ ಉತ್ತು, ಹರಗಿ, ಬುಡಗಳನ್ನೆಲ್ಲ ಆರಿಸಿ ಸುಟ್ಟೆ. ಅವಳಿಗೆ ಕೊಂಚ ಸಮಾಧಾನವಾಗಲೆಂದು ಬಿತ್ತಲು ಸಜ್ಜೆಯನ್ನೂ ತಂದಿಟ್ಟೆ. ಅಂಗಳದಂತೆ ಹಸನಾದ ಹೊಲ ನೋಡಿ ನನಗೆ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡಲಾರೆ.

ಅಕ್ಕ ಜ್ಯೇಷ್ಠದಲ್ಲಿ ಬಂದಳು. ಹೊಲದಲ್ಲಿ ಮೊಣಕಾಲೂರಿ ಕೈಯಿಂದಲೇ ಅಗೆದಳು. ಗೇಣಾಳದಲ್ಲಿ ತುಂಡಾದ ಒಂದು ಬೇರು ಸಿಕ್ಕಿತು. ಬೆಳ್ಳಗಿತ್ತು, ಚಿವುಟಿದರೆ ಇನ್ನೂ ಹಸಿ. “ಅದು ಸತ್ತಿದ್ದಿಲ್ಲ ನೀಲಾ, ಮಲಗಿತ್ತು. ಏಳು ಬುಡ ಇದ್ದಾಗೂ ಒಮ್ಮಿ ಹಿಂಗ ಮಲಗಿತ್ತು,” ಎಂದಳು. ಬೇರಿನ ಮೇಲೆ ಮತ್ತೆ ಮಣ್ಣೆಳೆದು, “ನಾ ನಿನಗ ಹೇಳಿ ಹೋಗಬೇಕಿತ್ತು,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬುಡವಿಲ್ಲದೆ ಬೇರು ಚಿಗುರುವುದಿಲ್ಲ. ನಾನು ಸುಡದೆ ಬಿಟ್ಟ ಬುಡದ ಹನ್ನೊಂದು ಚೂರುಗಳನ್ನು ಹುಡುಕಿ ಅವಳು ಒದ್ದೆ ಬಟ್ಟೆಯಲ್ಲಿಟ್ಟಳು, ದಿನಕ್ಕೆ ಹತ್ತು ಸಲ ಬಿಚ್ಚಿ ನೋಡಿದಳು. ಒಂದೂ ಚಿಗುರಲಿಲ್ಲ. ಮಳೆ ಇನ್ನೂ ಹಿಡಿದಿಲ್ಲ. ನಿನ್ನೆ ಆಷಾಢದ ಗಾಳಿಗೆ ಅಕ್ಕನ ಹೊಲವೂ ಎದ್ದಿತು. ರೂಢಿಯಂತೆ ಕೂಸುಗಳನ್ನೆತ್ತಿಕೊಂಡು ಬಂದ ಹೆಂಗಸರು ಬದುವಿನ ಮೇಲೆ ನಿಂತು ನೋಡಿ, ಸೆರಗಿನಿಂದ ಕೂಸುಗಳ ಮುಖ ಮುಚ್ಚಿ ತಿರುಗಿ ಹೋದರು.

ನಿಮ್ಮಲ್ಲಿ ಇನ್ನೂ ಮಣ್ಣಿದೆ. ಇಂಥ ಗೋಧಿಗಾಗಿ ಎಲ್ಲೋ ಒಬ್ಬಿಬ್ಬರು ಈಗಲೇ ಕೂಳೆ ಕಾಯುತ್ತ ಕೂತಿರಬೇಕು. ಇಳುವರಿ ಕಡಿಮೆಯೆಂದು ನೀವು ನಗುತ್ತಿರಬೇಕು. ನಗಿ, ಅಡ್ಡಿಯಿಲ್ಲ. ಆದರೆ ಅವರಿಂದ ಒಂದು ಬುಡ ಇಸಿದುಕೊಂಡು ನಿಮ್ಮ ಹೊಲದಲ್ಲೂ ನೆಡಿ, ಪಕ್ಕದವರಿಗೂ ಕೊಡಿ. ಮಳೆಯಿಲ್ಲದ ಬೇಸಿಗೆಯಲ್ಲಿ ಅದು ಮಲಗುತ್ತದೆಂದು ಮನೆಯವರಿಗೆಲ್ಲ ಹೇಳಿಡಿ. ನನ್ನನ್ನು ತಡೆಯಿರಿ ಎಂದು ಕೇಳುತ್ತಿಲ್ಲ, ಅದು ನಿಮ್ಮಿಂದಾಗದು. ನಾನು ಹುಟ್ಟಿಯೇ ಹುಟ್ಟುತ್ತೇನೆ, ಅಕ್ಕನ ಮೇಲಿನ ಪ್ರೀತಿಯಿಂದಲೇ ಅವಳ ಹೊಲಕ್ಕೆ ರಂಟೆ ಹೊಡೆದೇ ಹೊಡೆಯುತ್ತೇನೆ. ಅವಳು ಹೋಗಿ ಬುಡ ಕೇಳಲಿಕ್ಕೆ ಇನ್ನೊಂದು ಹೊಲ ಉಳಿಸಿಡಿ.